ಎಣಿಕೆಗೆ ಸಿಗುವ ಸುಳಿಗಳು

"ಎಲ್ಲವೂ ಅಷ್ಟು ತಣ್ಣಗಾದ ಮೇಲೆ ಅಲ್ಲಿ ಸುಳಿ ಎಲ್ಲಿಂದ ಬಂತು ಸರ್?" ಈ ಪ್ರಶ್ನೆ ಇತ್ತೀಚೆಗೆ ನನ್ನ ಬೆನ್ನು ಬಿಟ್ಟಿಲ್ಲ. 2025ನ್ನು ವಿಶ್ವಸಂಸ್ಥೆ ಕ್ವಾಂಟಮ್ ವಿಜ್ಞಾನ ಮತ್ತು ತಂತ್ರಜ್ಞಾನದ ವರ್ಷವೆಂದು ಸಾರಿದ ಮೇಲೆ ಬಂಟ್ವಾಳ, ಉಜಿರೆ, ಮೂಡುಬಿದಿರೆ ಕಡೆಯ ಕಾಲೇಜು ಮಕ್ಕಳ ಬಾಯಲ್ಲೂ ಕ್ವಾಂಟಮ್ ಎಂಬ ಶಬ್ದ ಓಡಾಡುತ್ತಿದೆ. ಪರಮ ಶೂನ್ಯ ಎಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ಕೆಳಗೆ ಹೋಗಲು ಸಾಧ್ಯವಿಲ್ಲ ಎಂದು ಅವರು ಓದಿರುತ್ತಾರೆ. ಅಲ್ಲಿ ಎಲ್ಲವೂ ಕಲ್ಲಿನಂತೆ ಸ್ತಬ್ಧವಾಗಿರಬೇಕು ಎಂಬುದು ಅವರ ಊಹೆ. ಅಂಥ ಚಳಿಯಲ್ಲಿ ಹರಿವು, ಸುಳಿ, ಪ್ರಕ್ಷುಬ್ಧತೆ ಎಂದೆಲ್ಲ ವಿಜ್ಞಾನಿಗಳು ಮಾತಾಡಿದರೆ ಗೊಂದಲವಾಗುವುದು ಸಹಜವೇ. ಈ ವಾರ ಆ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ.

ಮೊದಲು ನಮ್ಮ ನದಿಯ ಸುಳಿಯನ್ನೇ ಸರಿಯಾಗಿ ನೋಡೋಣ. ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟಿ, ಬೆಳ್ತಂಗಡಿ ತಾಲೂಕನ್ನು ಹಾದು ಬರುವ ನೇತ್ರಾವತಿ ಜುಲೈ ತಿಂಗಳಲ್ಲಿ ಪಾಣೆಮಂಗಳೂರಿನ ಸೇತುವೆಯ ಅಡಿಯಲ್ಲಿ ಕೆಂಪಗೆ, ದಪ್ಪಗೆ ಹರಿಯುತ್ತದೆ. ಕೆಳಮುಖವಾಗಿ ನಿಂತು ಒಂದೇ ಕಂಬದ ಬೆನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಬೇಕು. ಕಂಬದ ಎಡ ಅಂಚಿನಿಂದ ಒಂದು ಸುಳಿ ಕಳಚಿಕೊಂಡು ತೇಲಿ ಹೋಗುತ್ತದೆ. ಅದು ಹತ್ತು ಮಾರು ದೂರ ಹೋಗುವಷ್ಟರಲ್ಲಿ ಬಲ ಅಂಚಿನಿಂದ ಇನ್ನೊಂದು, ಎದುರು ದಿಕ್ಕಿಗೆ ತಿರುಗುತ್ತಾ. ಮತ್ತೆ ಎಡ, ಮತ್ತೆ ಬಲ. ಒಂದು ತೆಂಗಿನ ಗರಿಯೋ ನೊರೆಯ ಮುದ್ದೆಯೋ ಸಿಕ್ಕಿಕೊಂಡರೆ ತಿರುಗುವ ದಿಕ್ಕು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕಂಬದ ಹಿಂದೆ ಹೀಗೆ ಎರಡು ಸಾಲಾಗಿ ಹೊರಡುವ ಸುಳಿಗಳ ಲೆಕ್ಕಾಚಾರವನ್ನು 1911ರಲ್ಲಿ ಥಿಯೋಡರ್ ಫಾನ್ ಕಾರ್ಮನ್ ಕೊಟ್ಟರು. ಆ ಸಾಲಿಗೆ ಅವರದೇ ಹೆಸರಿದೆ. ಸುಳಿ ದೂರ ಹೋದಂತೆ ಒಡೆಯುತ್ತದೆ. ದೊಡ್ಡದರಿಂದ ಸಣ್ಣವು, ಸಣ್ಣವುಗಳಿಂದ ಇನ್ನೂ ಸಣ್ಣವು. ಕೊನೆಗೆ ಮಿಲಿಮೀಟರಿನ ಆಸುಪಾಸಿನ ಸುಳಿಗಳಲ್ಲಿ ನೀರಿನ ಸ್ನಿಗ್ಧತೆ, ಅಂದರೆ ನೀರಿನ ಪದರಗಳು ಒಂದಕ್ಕೊಂದು ಉಜ್ಜುವ ಗುಣ, ಮೇಲುಗೈ ಪಡೆದು ಚಲನೆಯನ್ನು ಶಾಖವಾಗಿಸಿ ಮುಗಿಸುತ್ತದೆ.

ದೊಡ್ಡ ಸುಳಿಯಿಂದ ಸಣ್ಣ ಸುಳಿಗೆ ಶಕ್ತಿ ಇಳಿದು ಹೋಗುವ ಈ ಚಿತ್ರವನ್ನು 1922ರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಮುಂದಿಟ್ಟರು. 1941ರಲ್ಲಿ ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ ಅದಕ್ಕೊಂದು ಅಳತೆ ಕೊಟ್ಟರು: ಯಾವ ಗಾತ್ರದ ಸುಳಿಯಲ್ಲಿ ಎಷ್ಟು ಶಕ್ತಿ ಎಂಬ ನಕ್ಷೆ ಬರೆದರೆ ಅದು ಐದು ಭಾಗ ಮೂರು ಎಂಬ ಘಾತದಲ್ಲಿ ಇಳಿಯುತ್ತದೆ. ನದಿಯಿರಲಿ, ಗಾಳಿಯಿರಲಿ, ಸಮುದ್ರದ ಪ್ರವಾಹವಿರಲಿ, ಇದೇ ನಿಯಮ. ಆದರೂ ಪ್ರಕ್ಷುಬ್ಧ ಹರಿವಿನ ಪೂರ್ಣ ಸಿದ್ಧಾಂತ ಇವತ್ತಿಗೂ ಯಾರ ಕೈಯಲ್ಲೂ ಇಲ್ಲ. ನೀರಿನ ಚಲನೆಯ ಮೂಲ ಸಮೀಕರಣಗಳ ಉತ್ತರ ಸದಾ ನೆಟ್ಟಗಿರುತ್ತದೆಯೇ ಎಂಬುದನ್ನು ಸಾಧಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿತು. ಆ ಹಣ ಇನ್ನೂ ಅಲ್ಲೇ ಇದೆ. ಇದು ಬರೀ ಗಣಿತದ ಕೊರತೆಯಲ್ಲ. ನೆರೆ ಬಂದಾಗ ನದಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ಲೆಕ್ಕ ಹಾಕುವ ಎಂಜಿನಿಯರ್ ಇವತ್ತಿಗೂ ಮ್ಯಾನಿಂಗ್ ಎಂಬವರು ಹತ್ತೊಂಬತ್ತನೇ ಶತಮಾನದಲ್ಲಿ ಕೊಟ್ಟ ಸೂತ್ರಕ್ಕೆ ನದಿಯ ಒರಟುತನದ ಒಂದು ಗುಣಾಂಕ ಹಾಕುತ್ತಾರೆ. ದಡದಲ್ಲಿ ಪೊದೆಯಿದೆಯೇ, ತಳದಲ್ಲಿ ಬಂಡೆಯಿದೆಯೇ ಎಂದು ನೋಡಿ, ಅನುಭವದ ಮೇಲೆ ಆರಿಸುವ ಸಂಖ್ಯೆ ಅದು. 1974ರ ನೆರೆಯನ್ನು ಕಂಡ ಬಂಟ್ವಾಳ ಪೇಟೆಯ ಹಿರಿಯರಿಗೆ ಆ ಲೆಕ್ಕದ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ.

ಈಗ ಚಳಿಗೆ ಬರೋಣ. 1938ರಲ್ಲಿ ಮಾಸ್ಕೋದಲ್ಲಿ ಕಪಿತ್ಸ, ಕೇಂಬ್ರಿಜ್‌ನಲ್ಲಿ ಅಲೆನ್ ಮತ್ತು ಮೈಸೆನರ್ ಒಂದೇ ಹೊತ್ತಿಗೆ ಒಂದು ಸಂಗತಿ ಕಂಡುಕೊಂಡರು. ದ್ರವ ಹೀಲಿಯಂ ಪರಮ ಶೂನ್ಯದಿಂದ 2.17 ಡಿಗ್ರಿಗಿಂತ ಕೆಳಗಿಳಿದಾಗ ಕೂದಲೆಳೆಗಿಂತ ಕಿರಿದಾದ ಸಂದಿಯಲ್ಲೂ ಯಾವ ತಡೆಯೂ ಇಲ್ಲದೆ ಹರಿದು ಹೋಗುತ್ತದೆ. ಸ್ನಿಗ್ಧತೆ ಇಲ್ಲವೇ ಇಲ್ಲ. ಇಂಥದ್ದಕ್ಕೆ ಸೂಪರ್‌ಫ್ಲೂಯಿಡ್ ಎಂದು ಹೆಸರಾಯಿತು. ಅಂದರೆ ತಣ್ಣಗಾದದ್ದೆಲ್ಲ ಹೆಪ್ಪುಗಟ್ಟಲೇಬೇಕು ಎಂಬ ನಮ್ಮ ಊಹೆ ಇಲ್ಲೇ ಬಿದ್ದುಹೋಯಿತು. ಹೀಲಿಯಂ ತನ್ನದೇ ಒತ್ತಡದಲ್ಲಿ ಎಷ್ಟು ತಣ್ಣಗಾದರೂ ಗಟ್ಟಿಯಾಗುವುದಿಲ್ಲ. ಚಳಿ ಕಸಿದುಕೊಳ್ಳುವುದು ಪರಮಾಣುಗಳ ಚೆಲ್ಲಾಪಿಲ್ಲಿ ಓಡಾಟವನ್ನು. ಒಟ್ಟಾಗಿ ಒಂದೇ ದಿಕ್ಕಿಗೆ ಹರಿಯುವುದಕ್ಕೆ ಅದರ ಅಡ್ಡಿಯಿಲ್ಲ.

ಉಜ್ಜುವಿಕೆಯೇ ಇಲ್ಲದ ದ್ರವದಲ್ಲಿ ಸುಳಿ ಹುಟ್ಟುವುದು ಹೇಗೆ, ಹುಟ್ಟಿದರೆ ಸಾಯುವುದು ಹೇಗೆ? ಮೊದಲ ಪ್ರಶ್ನೆಗೆ 1949ರಲ್ಲಿ ಲಾರ್ಸ್ ಆನ್ಸಾಗರ್ ಒಂದು ಸಮ್ಮೇಳನದ ಚರ್ಚೆಯಲ್ಲಿ ಚುಟುಕಾಗಿ ಉತ್ತರ ಕೊಟ್ಟರು. 1955ರಲ್ಲಿ ರಿಚರ್ಡ್ ಫೈನ್‌ಮನ್ ಅದನ್ನು ಬಿಡಿಸಿ ಬರೆದರು. ಸೂಪರ್‌ಫ್ಲೂಯಿಡ್‌ನಲ್ಲಿ ಕೋಟ್ಯಂತರ ಪರಮಾಣುಗಳು ಸೇರಿ ಒಂದೇ ಕ್ವಾಂಟಮ್ ಅಲೆಯಾಗಿ ವರ್ತಿಸುತ್ತವೆ. ಅಲೆ ಎಂದ ಮೇಲೆ ಪ್ರತಿ ಜಾಗದಲ್ಲೂ ಅದಕ್ಕೊಂದು ಸ್ಥಿತಿ ಇರುತ್ತದೆ, ಭೌತಶಾಸ್ತ್ರದವರು ಅದನ್ನು ಫೇಸ್ ಎನ್ನುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನಮ್ಮಲ್ಲಿ ನೋಡದವರು ಕಡಿಮೆ. 1430ರ ಆ ಬಸದಿಯ ಹೊರಸುತ್ತಿನ ಕಂಬಕ್ಕೊಂದರಂತೆ ಗಡಿಯಾರ ತೂಗುಹಾಕಿದೆ ಎಂದುಕೊಳ್ಳಿ. ಗಡಿಯಾರಗಳು ನಿಂತಿವೆ, ಆದರೆ ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದೆ. ಅಕ್ಕಪಕ್ಕದ ಕಂಬಗಳ ನಡುವೆ ಮುಳ್ಳು ಕೊಂಚ ಹಿಂದೆ ಮುಂದೆ ಇರಬಹುದು, ಒಮ್ಮೆಲೇ ಹಾರುವಂತಿಲ್ಲ ಎಂಬುದೊಂದೇ ಕಟ್ಟಳೆ. ಪ್ರದಕ್ಷಿಣೆ ಬರುತ್ತಾ ಮುಳ್ಳು ಎಷ್ಟು ಮುಂದೆ ಹೋಯಿತೆಂದು ಕೂಡಿಸುತ್ತಾ ಹೋಗಿ. ಹೊರಟ ಕಂಬಕ್ಕೇ ವಾಪಸು ಬಂದಾಗ ಅಲ್ಲಿರುವುದು ಮೊದಲು ನೋಡಿದ್ದ ಅದೇ ಗಡಿಯಾರ, ಅದೇ ಹೊತ್ತು. ಹಾಗಾದರೆ ನಿಮ್ಮ ಕೂಡಿಕೆ ಸೊನ್ನೆಯಾಗಿರಬೇಕು, ಇಲ್ಲವೇ ಹನ್ನೆರಡು ಗಂಟೆ, ಇಲ್ಲವೇ ಇಪ್ಪತ್ತನಾಲ್ಕು. ಐದು ಗಂಟೆ ಎಂಬ ಉತ್ತರ ಬರಲು ಸಾಧ್ಯವೇ ಇಲ್ಲ.

ಸೂಪರ್‌ಫ್ಲೂಯಿಡ್‌ನ ಸುಳಿ ಹೀಗೆಯೇ. ಅಲ್ಲಿ ಜಾಗದಿಂದ ಜಾಗಕ್ಕೆ ಫೇಸ್ ಎಷ್ಟು ಬದಲಾಗುತ್ತದೆ ಎಂಬುದೇ ದ್ರವದ ವೇಗವನ್ನು ನಿರ್ಧರಿಸುತ್ತದೆ. ಆದ್ದರಿಂದ ಸುಳಿಯ ಬಲ ಒಂದು ಪಾಲು, ಎರಡು ಪಾಲು, ಮೂರು ಪಾಲು ಎಂದು ಪೂರ್ಣಾಂಕಗಳಲ್ಲೇ ಇರಬೇಕು. ಒಂದು ಪಾಲು ಎಂದರೆ ಪ್ಲಾಂಕ್ ಸ್ಥಿರಾಂಕವನ್ನು ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿದಷ್ಟು. ನೇತ್ರಾವತಿಯ ಸುಳಿಗೆ ಇಂತಿಷ್ಟೇ ಬಲ ಎಂಬ ನಿಯಮವಿಲ್ಲ, ಅದು ದುರ್ಬಲವಾಗುತ್ತಾ ಆಗುತ್ತಾ ಇಲ್ಲವಾಗಬಹುದು. ಇಲ್ಲಿ ಹಾಗಲ್ಲ, ಹನ್ನೆರಡು ಗಂಟೆಯಿಂದ ಹನ್ನೊಂದಕ್ಕೆ ಇಳಿಯಲು ದಾರಿಯೇ ಇಲ್ಲ. ಸುಳಿ ಸಾಯಬೇಕಾದರೆ ಪಾತ್ರೆಯ ಅಂಚಿಗೆ ಹೋಗಿ ಜಾರಿಕೊಳ್ಳಬೇಕು ಅಥವಾ ಎದುರು ದಿಕ್ಕಿಗೆ ತಿರುಗುವ ಇನ್ನೊಂದನ್ನು ಕೂಡಿ ಎರಡೂ ಒಟ್ಟಿಗೆ ಅಳಿಯಬೇಕು. ಇನ್ನು ಸುಳಿಯ ನಟ್ಟನಡುವೆ ಎಲ್ಲ ಹೊತ್ತುಗಳೂ ಒಂದೇ ಬಿಂದುವಿನಲ್ಲಿ ಸೇರಬೇಕಾದ ಇಕ್ಕಟ್ಟು ಬರುತ್ತದೆ. ಪ್ರಕೃತಿ ಅದನ್ನು ಬಿಡಿಸಿಕೊಳ್ಳುವ ಬಗೆ ಬಹಳ ಸರಳ: ಆ ಜಾಗದಲ್ಲಿ ಸೂಪರ್‌ಫ್ಲೂಯಿಡ್ ಇರುವುದೇ ಇಲ್ಲ, ಒಂದು ಸಣ್ಣ ತೂತು. ಸೆಕೆಂಡಿಗೆ ಒಂದು ಸುತ್ತು ತಿರುಗುವ ಪಾತ್ರೆಯಲ್ಲಿ ಹೀಲಿಯಂ ಇಟ್ಟರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 12,600 ಇಂಥ ಸುಳಿಗಳು, ಎಲ್ಲವೂ ಒಂದೇ ಬಲದವು, ನಿಲ್ಲಬೇಕೆಂದು ಲೆಕ್ಕ ಹೇಳುತ್ತದೆ. ಅವುಗಳಲ್ಲಿ ಯಾವುದೊಂದರ ತೂತನ್ನೂ ಕಣ್ಣಾರೆ ಕಾಣುವಂತಿಲ್ಲ, ಅದರ ಅಗಲ ಒಂದು ಪರಮಾಣುವಿನಷ್ಟೇ.

ಸುಳಿಯ ತೂತನ್ನು ಕಣ್ಣಾರೆ ಕಾಣಲು ಕೈಹಿಡಿದದ್ದು ಅನಿಲರೂಪದ ಪರಮಾಣುಗಳ ಮೋಡ. ಅದರ ಬೇರು ನಮ್ಮ ದೇಶದ್ದೇ. 1924ರಲ್ಲಿ ಢಾಕಾದಲ್ಲಿ ಕಲಿಸುತ್ತಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯೊಂದನ್ನು ಬರೆದು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು, ಆಮೇಲೆ ಅದೇ ಎಣಿಕೆಯನ್ನು ಪರಮಾಣುಗಳಿಗೆ ಹಚ್ಚಿ, ಸಾಕಷ್ಟು ತಣ್ಣಗಾದರೆ ಅವು ಒಂದೇ ಸ್ಥಿತಿಗೆ ಬಂದು ಕೂಡುತ್ತವೆ ಎಂದರು. ಅದನ್ನು ಮಾಡಿ ತೋರಿಸಲು 1995ರವರೆಗೆ ಕಾಯಬೇಕಾಯಿತು. ಅಮೆರಿಕದ ಬೋಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ರುಬಿಡಿಯಂ ಪರಮಾಣುಗಳನ್ನು, ಎಂಐಟಿಯಲ್ಲಿ ಕೆಟರ್ಲೆ ಸೋಡಿಯಂ ಪರಮಾಣುಗಳನ್ನು ಆ ಸ್ಥಿತಿಗೆ ತಂದರು. ಲೇಸರ್ ಬೆಳಕನ್ನು ಆರು ದಿಕ್ಕಿನಿಂದ ಹಾಯಿಸಿ ಓಡುವ ಪರಮಾಣುವಿಗೆ ಎದುರಿನಿಂದ ತಳ್ಳು ಕೊಟ್ಟು ನಿಧಾನಿಸುವುದು ಮೊದಲ ಹಂತ. ಬಳಿಕ ಅಯಸ್ಕಾಂತದ ಬಲೆಯಲ್ಲಿ ಹಿಡಿದು, ಅವುಗಳಲ್ಲಿ ಹೆಚ್ಚು ವೇಗದವನ್ನು ಹೊರಗೆ ಹೋಗಲು ಬಿಟ್ಟರೆ ಉಳಿದದ್ದು ಇನ್ನೂ ತಣ್ಣಗಾಗುತ್ತದೆ. ಬೋಲ್ಡರ್‌ನ ಮೋಡ ತಣಿದದ್ದು ಒಂದು ಡಿಗ್ರಿಯ ಕೋಟಿಯಲ್ಲಿ ಎರಡು ಪಾಲಿನಷ್ಟಕ್ಕೆ. ಮೂವರಿಗೂ 2001ರ ನೊಬೆಲ್ ಸಂದಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಹೀಗೆ ಲೇಸರಿನಿಂದ ಪರಮಾಣುಗಳನ್ನು ತಣಿಸುವ ಪ್ರಯೋಗಶಾಲೆಗಳಿವೆ.

ಈ ಮೋಡದಲ್ಲಿ ಸುಳಿಯ ತೂತು ಹೀಲಿಯಂನದಕ್ಕಿಂತ ಸಾವಿರಾರು ಪಟ್ಟು ಅಗಲ. ಬಲೆಯನ್ನು ಕಳಚಿದೊಡನೆ ಮೋಡ ಹಿಗ್ಗುತ್ತದೆ, ಅದರ ಜೊತೆ ತೂತೂ ಹಿಗ್ಗುತ್ತದೆ. ಆಗ ಬೆಳಕು ಹಾಯಿಸಿ ನೆರಳಿನ ಚಿತ್ರ ತೆಗೆದರೆ ಸುಳಿಗಳು ಚುಕ್ಕಿಗಳಾಗಿ ಕಾಣುತ್ತವೆ. 1999ರಲ್ಲಿ ಬೋಲ್ಡರ್‌ನಲ್ಲೇ ಮೊದಲ ಸುಳಿ ಸಿಕ್ಕಿತು. 2001ರಲ್ಲಿ ಕೆಟರ್ಲೆಯವರ ತಂಡ ನೂರಕ್ಕೂ ಹೆಚ್ಚು ಸುಳಿಗಳು ತ್ರಿಕೋನ ಜಾಲವಾಗಿ ಒಪ್ಪವಾಗಿ ನಿಂತ ಚಿತ್ರ ಪ್ರಕಟಿಸಿತು. ನಾನು ತರಗತಿಯಲ್ಲಿ ಆ ಚಿತ್ರ ತೋರಿಸಿದಾಗಲೆಲ್ಲ ಮಕ್ಕಳು ಎದ್ದು ಬಂದು ಚುಕ್ಕಿ ಎಣಿಸಿದ್ದಾರೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಳೆಯಾಗುವಂಥ ಸುಳಿಯನ್ನು ಅವರು ನೋಡಿದ್ದು ಅದೇ ಮೊದಲು.

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಯೋಗ 2016ರದು. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಯೊಂಗ್-ಇಲ್ ಶಿನ್ ಅವರ ತಂಡ ಸೋಡಿಯಂ ಪರಮಾಣುಗಳ ಚಪ್ಪಟೆ ಮೋಡದ ಒಳಗೆ ಲೇಸರ್ ಕಿರಣವೊಂದನ್ನು ನೆಟ್ಟಗೆ ನಿಲ್ಲಿಸಿತು. ಪರಮಾಣುಗಳು ಆ ಕಿರಣವನ್ನು ಹೊಗಲಾರವು, ಬದಿಯಿಂದ ಸುತ್ತಿಕೊಂಡೇ ಹೋಗಬೇಕು. ಹೊಳೆಯ ನಡುವೆ ಸೇತುವೆಯ ಕಂಬವಿದ್ದಂತೆಯೇ ಸರಿ, ಆದರೆ ಇಲ್ಲಿ ಚಲಿಸುವುದು ಕಂಬ. ಕಿರಣವನ್ನು ಮೆಲ್ಲಗೆ ಸರಿಸಿದರೆ ಏನೂ ಆಗದು. ಮೋಡಕ್ಕೆ ಅದರ ಇರವೇ ತಿಳಿಯದು. ಒಂದು ನಿರ್ದಿಷ್ಟ ವೇಗ ದಾಟಿದೊಡನೆ ಸುಳಿಗಳು ಕಳಚಿಕೊಳ್ಳತೊಡಗುತ್ತವೆ. ತಕ್ಕ ವೇಗ ಸಿಕ್ಕಾಗ ಅವು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಒಂದೇ ದಿಕ್ಕಿಗೆ ತಿರುಗುವ ಎರಡೆರಡು ಸುಳಿಗಳ ಜೋಡಿಯಾಗಿ ಹೊರಟವು. ಪಾಣೆಮಂಗಳೂರಿನಲ್ಲಿ ನಾವು ಕಾಣುವ ಅದೇ ಕಾರ್ಮನ್ ಸಾಲು, ಸ್ನಿಗ್ಧತೆ ಎಂಬುದೇ ಇಲ್ಲದ ಕಡೆಯಲ್ಲಿ.

ಇದು ಏಕೆ ಇಷ್ಟು ಮುಖ್ಯ? ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ತೋರಿಸಿಕೊಟ್ಟಂತೆ ಹರಿವು ನಯವಾಗಿರುತ್ತದೆಯೋ ಕದಡುತ್ತದೆಯೋ ಎಂಬುದನ್ನು ಹೇಳುವುದು ಒಂದು ಸಂಖ್ಯೆ: ವೇಗವನ್ನು ಕಂಬದ ಅಗಲದಿಂದ ಗುಣಿಸಿ, ದ್ರವದ ಸ್ನಿಗ್ಧತೆಯಿಂದ ಭಾಗಿಸಬೇಕು. ಎರಡು ಮೀಟರ್ ಅಗಲದ ಕಂಬಕ್ಕೆ ಸೆಕೆಂಡಿಗೆ ಎರಡು ಮೀಟರ್ ವೇಗದ ನೀರು ಬಡಿದರೆ ಈ ಸಂಖ್ಯೆ ನಲವತ್ತು ಲಕ್ಷ. ಸೂಪರ್‌ಫ್ಲೂಯಿಡ್‌ನಲ್ಲಿ ಸ್ನಿಗ್ಧತೆ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ, ಸೂತ್ರ ಅಲ್ಲಿಗೇ ಮುರಿಯಬೇಕು. ಮುರಿಯುವುದಿಲ್ಲ. ಸ್ನಿಗ್ಧತೆಯ ಜಾಗದಲ್ಲಿ ಸುಳಿಯ ಒಂದು ಪಾಲನ್ನು ಇಟ್ಟು, ಸುಳಿ ಹುಟ್ಟಲು ಬೇಕಾದ ಕನಿಷ್ಠ ವೇಗವನ್ನು ಕಳೆದರೆ ಸೂತ್ರ ಮತ್ತೆ ಕೆಲಸ ಮಾಡುತ್ತದೆ ಎಂದು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಗಣಕದ ಲೆಕ್ಕದಿಂದ ತೋರಿಸಿತು. ಎರಡರ ಮಾನವೂ ಒಂದೇ, ಸೆಕೆಂಡಿಗೆ ಚದರ ಮೀಟರ್. ನೀರಿನ ಸ್ನಿಗ್ಧತೆ ಆ ಮಾನದಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು. ಸೋಡಿಯಂ ಸುಳಿಯ ಒಂದು ಪಾಲು ಅದರ ಸುಮಾರು ಅರುವತ್ತನೇ ಒಂದು. ನೀರಿನಲ್ಲಿ ಉಜ್ಜುವಿಕೆ ಮಾಡುವ ಕೆಲಸವನ್ನು ಅಲ್ಲಿ ಎಣಿಕೆಯೇ ಮಾಡುತ್ತದೆ. ಈ ಇಡೀ ವಿಷಯದಲ್ಲಿ ನನ್ನನ್ನು ಬೆರಗಾಗಿಸುವ ಸಂಗತಿ ಇದೇ.

ಸುಳಿಗಳು ಜಾಲವಾಗಿ ಒಪ್ಪವಾಗಿ ನಿಲ್ಲದೆ ಗೋಜಲಾದಾಗ ಹುಟ್ಟುವುದು ಕ್ವಾಂಟಮ್ ಪ್ರಕ್ಷುಬ್ಧತೆ. ಪರಮಾಣು ಮೋಡದಲ್ಲಿ ಅಂಥ ಗೋಜಲನ್ನು ಮೊದಲು ಎಬ್ಬಿಸಿದವರು ಬ್ರೆಜಿಲ್‌ನ ಸಾವೊ ಕಾರ್ಲೋಸ್‌ನ ಬಾನ್ಯಾಟೊ ಅವರ ತಂಡದವರು, 2009ರಲ್ಲಿ. ಎರಡು ಸುಳಿಗಳು ಅಡ್ಡಹಾಯ್ದಾಗ ಎರಡೂ ತುಂಡಾಗಿ, ಒಂದರ ತಲೆ ಇನ್ನೊಂದರ ಬಾಲಕ್ಕೆ ಅಂಟಿ, ಹೊಸ ಎರಡು ಸುಳಿಗಳಾಗಿ ಚಿಮ್ಮಿ ದೂರ ಸರಿಯುತ್ತವೆ. ಆ ಚಿಮ್ಮುವಿಕೆಯಲ್ಲಿ ಸುಳಿಯ ಉದ್ದಕ್ಕೂ ಕಂಪನ ಹರಿದು, ಕೊನೆಗೆ ಶಬ್ದದ ಅಲೆಯಾಗಿ ಶಕ್ತಿ ಹೊರಹೋಗುತ್ತದೆ. ಸಾಯುವುದು ಹೇಗೆ ಎಂಬ ಎರಡನೇ ಪ್ರಶ್ನೆಗೆ ಉತ್ತರ ಬಹುಪಾಲು ಇದರಲ್ಲಿದೆ. ಹೀಲಿಯಂನಲ್ಲಿ ಈ ಮರುಜೋಡಣೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದ ತಂಡದಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೊದ್ದಂ ನರಸಿಂಹ ಅವರ ಬಳಿ ಸಂಶೋಧನೆ ಮಾಡಿದ ಕೆ.ಆರ್. ಶ್ರೀನಿವಾಸನ್ ಇದ್ದರು. ಹೀಲಿಯಂಗೆ ಚೂರು ಹೈಡ್ರೋಜನ್ ಬೆರೆಸಿ ಹೆಪ್ಪುಗಟ್ಟಿಸಿದರೆ ಆ ಹರಳಿನ ಪುಡಿ ಸುಳಿಗಳಿಗೆ ಅಂಟಿಕೊಂಡು, ಲೇಸರ್ ಬೆಳಕಿನಲ್ಲಿ ಸುಳಿ ಎಳೆಯಂತೆ ಹೊಳೆಯುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬ್ಯೂಲಿ, ಲಾತ್ರಾಪ್ ಅವರೊಂದಿಗೆ ಅವರು 2006ರಲ್ಲಿ ಹೀಗೆ ಹೊಳೆಯುವ ಸುಳಿಗಳ ಚಿತ್ರಗಳನ್ನು ಪ್ರಕಟಿಸಿದರು. ಕದಡಿದ ಹರಿವು ಮತ್ತೆ ನಯವಾಗುವುದು ಹೇಗೆ ಎಂಬುದರ ಮೇಲೆ ಬೆಂಗಳೂರಿನಲ್ಲಿ ತಲೆಕೆಡಿಸಿಕೊಂಡಿದ್ದ ತರುಣ ದಶಕಗಳ ಬಳಿಕ ಅದೇ ಕುತೂಹಲದಿಂದ ಸೂಪರ್‌ಫ್ಲೂಯಿಡ್‌ನ ಒಳಗೆ ಇಣುಕಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಕಾಣದಿರುವುದು ನನಗೆ ಬೇಸರದ ಸಂಗತಿ.

ಗೋಜಲು ಎಷ್ಟೇ ವಿಚಿತ್ರವಾಗಿದ್ದರೂ ದೂರದಿಂದ ನೋಡಿದರೆ ಕೊಲ್ಮೊಗೊರೊವ್‌ರ ಐದು ಭಾಗ ಮೂರು ನಿಯಮವನ್ನೇ ಪಾಲಿಸುತ್ತದೆ. 1998ರಲ್ಲಿ ಪ್ಯಾರಿಸ್‌ನಲ್ಲಿ ಮಾರರ್ ಮತ್ತು ಟಬೆಲಿಂಗ್ ಹೀಲಿಯಂನಲ್ಲಿ ಅದನ್ನು ಅಳೆದರು. ಹತ್ತಿರದಿಂದ ನೋಡಿದರೆ ಕಥೆ ಬೇರೆ. ಮರುಜೋಡಣೆಯ ಚಿಮ್ಮುವಿಕೆಯಿಂದಾಗಿ ಅತಿ ವೇಗದ ಚಲನೆಗಳು ನೀರಿನಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು ಸಲ ಕಾಣಿಸಿಕೊಳ್ಳುತ್ತವೆ. ಚಪ್ಪಟೆ ಮೋಡದಲ್ಲಂತೂ ದಿಕ್ಕೇ ತಿರುಗುತ್ತದೆ: ದೊಡ್ಡ ಸುಳಿ ಒಡೆಯುವ ಬದಲು ಒಂದೇ ದಿಕ್ಕಿನ ಸಣ್ಣ ಸುಳಿಗಳು ಗುಂಪುಗೂಡಿ ದೊಡ್ಡದಾಗುತ್ತವೆ. 1949ರಲ್ಲೇ ಆನ್ಸಾಗರ್ ಹೇಳಿದ್ದ ಈ ಮಾತನ್ನು 2019ರಲ್ಲಿ ಆಸ್ಟ್ರೇಲಿಯಾದ ಎರಡು ತಂಡಗಳು ಪ್ರಯೋಗದಲ್ಲಿ ಕಂಡವು.

ಇದರಿಂದ ಏನು ಉಪಯೋಗ ಎಂದು ಕೇಳುವವರೂ ಇದ್ದಾರೆ. ನ್ಯೂಟ್ರಾನ್ ತಾರೆಯ ಒಳಗೂ ಸೂಪರ್‌ಫ್ಲೂಯಿಡ್ ಇದೆಯೆಂಬುದು ಖಗೋಳ ವಿಜ್ಞಾನಿಗಳ ನಂಬಿಕೆ. ಸೆಕೆಂಡಿಗೆ ಸುಮಾರು ಹನ್ನೊಂದು ಸುತ್ತು ತಿರುಗುವ ವೇಲಾ ಪಲ್ಸಾರ್ ಎಂಬ ಅಂಥ ತಾರೆ ಆಗಾಗ ತಟ್ಟನೆ ಒಂದಿಷ್ಟು ವೇಗ ಹೆಚ್ಚಿಸಿಕೊಳ್ಳುತ್ತದೆ. ಚಿಪ್ಪಿಗೆ ಅಂಟಿಕೊಂಡಿದ್ದ ಸುಳಿಗಳು ಹಿಂಡುಹಿಂಡಾಗಿ ಕಳಚುವುದೇ ಇದಕ್ಕೆ ಕಾರಣ ಎಂದು 1975ರಲ್ಲಿ ಆಂಡರ್ಸನ್ ಮತ್ತು ಇಟೊ ಹೇಳಿದರು. ಅಲ್ಲಿಗೆ ಹೋಗಿ ನೋಡುವಂತಿಲ್ಲ, ಗಣಕದಲ್ಲಿ ಕಟ್ಟಿ ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್ ಮತ್ತು ಅವರ ವಿದ್ಯಾರ್ಥಿಗಳು ಪ್ಯಾರಿಸ್‌ನ ಮಾರ್ಕ್ ಬ್ರಾಶೆ ಅವರ ಜೊತೆ ಸೇರಿ ಮಾಡಿದ್ದು ಇಂಥದೇ ಕೆಲಸ. ಸೂಪರ್‌ಫ್ಲೂಯಿಡ್ ಪ್ರಕ್ಷುಬ್ಧತೆಯ ಲೆಕ್ಕದಲ್ಲಿ ಅವರ ಗುಂಪು ಜಗತ್ತಿನಲ್ಲಿ ಹೆಸರು ಮಾಡಿದೆ. ನೆರೆಯ ಲೆಕ್ಕಕ್ಕೆ ನಾಳೆಯೇ ಇದರಿಂದ ಸಹಾಯ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಪ್ರಕ್ಷುಬ್ಧತೆ ಎಂಬ ಬಗೆಹರಿಯದ ಸಮಸ್ಯೆಯನ್ನು ಅದರ ಬಿಡಿ ಸುಳಿಗಳಿಗೆ ಇಳಿಸಿ, ಒಂದೊಂದಾಗಿ ಎಣಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಮಗೆ ಸಿಕ್ಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಪದವಿ ಕಾಲೇಜುಗಳ ಮಕ್ಕಳಿಗೆ ಒಂದು ಮಾತು. ತಣಿಸುವ ಲೇಸರ್ ಕೋಣೆ ನಮ್ಮ ಊರಿನಲ್ಲಿಲ್ಲ, ನಿಜ. ಆದರೆ ಈ ಸುಳಿಗಳನ್ನು ಆಳುವ ಸಮೀಕರಣ, 1961ರಲ್ಲಿ ಗ್ರಾಸ್ ಮತ್ತು ಪಿಟೇವ್‌ಸ್ಕಿ ಬೇರೆಬೇರೆಯಾಗಿ ಬರೆದದ್ದು, ಒಂದೇ ಸಾಲಿನದು. ಸಮತಟ್ಟಾದ ಮೋಡಕ್ಕೆ ಅದನ್ನು ಬಿಡಿಸಲು ಕಾಲೇಜಿನ ಸಾಧಾರಣ ಕಂಪ್ಯೂಟರ್ ಮತ್ತು ಉಚಿತವಾಗಿ ಸಿಗುವ ಪೈಥಾನ್ ಸಾಕು. ಕಂಬ ನೆಟ್ಟು, ವೇಗ ಹೆಚ್ಚಿಸಿ, ಸುಳಿ ಕಳಚುವುದನ್ನು ನೀವೇ ಪರದೆಯ ಮೇಲೆ ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಂದಿಗೆ ಸೇರಿ ನಡೆಸುವ ಬೇಸಗೆ ಸಂಶೋಧನಾ ಫೆಲೋಶಿಪ್‌ಗೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಅರ್ಜಿ ಹಾಕಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ನಮ್ಮ ಈ ಮೂರೂ ತಾಲೂಕುಗಳಿಂದ ಈ ಸಲ ಅರ್ಜಿಗಳು ಹೋಗಲಿ. ಅಧ್ಯಾಪಕರು ದಯವಿಟ್ಟು ಮಕ್ಕಳಿಗೆ ಇದನ್ನು ತಿಳಿಸಿ, ಶಿಫಾರಸು ಪತ್ರವನ್ನು ಹೊತ್ತಿಗೆ ಸರಿಯಾಗಿ ಬರೆದುಕೊಡಿ.